ಎದುರಿನ ಔಷಧ ಅಂಗಡಿ ಮುಚ್ಚಿದ ಹಂಗಾಮು

ಹೋದ ತಿಂಗಳು ಅಂಗಡಿಗೆ ಬಣ್ಣ ಹಚ್ಚಿಸುವಾಗ ಅಟ್ಟದ ಮೇಲಿನ ಒಂದು ಹಳೆಯ ರಟ್ಟಿನ ಡಬ್ಬ ಕೈಗೆ ಸಿಕ್ಕಿತು. ಒಳಗೆ ಏನೂ ಇರಲಿಲ್ಲ. ಆದರೂ ಮುಚ್ಚಳ ಎತ್ತಿದ ಕೂಡಲೇ ಬಿ ಕಾಂಪ್ಲೆಕ್ಸ್ ಗುಳಿಗೆಯ ಘಾಟು ಮೂಗಿಗೆ ಬಡಿಯಿತು. ಔಷಧ ಅಂಗಡಿಯಲ್ಲಿ ಬದುಕುವವರಿಗೆ ಆ ವಾಸನೆ ದಿನನಿತ್ಯದ್ದು. ಆದರೆ ಆ ಡಬ್ಬ ಯಾರದೆಂದು ನನಗೆ ಗೊತ್ತಿತ್ತು. ಎದುರಿಗೆ ಔಷಧ ಅಂಗಡಿ ಇಟ್ಟಿದ್ದ ಸುಜಾತಾಳಿಂದ ನಮ್ಮಲ್ಲಿಗೆ ಬಂದ ಸಾಮಾನಿನಲ್ಲಿ ಉಳಿದದ್ದು ಅದೊಂದೇ. ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಎರಡು ಸಾವಿರದ ಹದಿನಾಲ್ಕರ ಹಂಗಾಮು ನೆನಪಾಯಿತು. ಆ ಹಂಗಾಮಿನ ತುಂಬ ನನ್ನೊಳಗೆ ಉರಿದ ಹೊಟ್ಟೆಕಿಚ್ಚೂ ನೆನಪಾಯಿತು. ಇದನ್ನು ಇಷ್ಟು ವರ್ಷ ಯಾರ ಮುಂದೆಯೂ ಪೂರ್ತಿಯಾಗಿ ಹೇಳಿಲ್ಲ.

ನಮ್ಮೂರು ಉಗಾರ ಖುರ್ದ. ದೀಪಾವಳಿಯ ಹೊತ್ತಿಗೆ ಸಕ್ಕರೆ ಕಾರ್ಖಾನೆಯ ಭೋಂಗಾ ಕೂಗಿತೆಂದರೆ ನಮಗೆ ಹಂಗಾಮು ಶುರುವಾದಂತೆ. ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರು, ಎತ್ತಿನ ಗಾಡಿ. ಗಾಳಿಯ ತುಂಬ ಕಾಕಂಬಿಯ ಹುಳಿಸಿಹಿ ವಾಸನೆ. ಒಣಹಾಕಿದ ಬಿಳಿ ಬಟ್ಟೆಯ ಮೇಲೆ ಚಿಮಣಿಯ ಕರಿ ಬೂದಿ ಬೀಳುತ್ತದೆ. ಮಹಾರಾಷ್ಟ್ರದ ಒಳಗಿಂದ ಕಬ್ಬು ಕಡಿಯಲು ಬಂದವರ ಗುಡಿಸಲುಗಳು ಹೊಲದ ಬದಿಗೆ ಏಳುತ್ತವೆ. ಕೈ ಕೊಯ್ದುಕೊಂಡವರು, ಸೊಂಟ ಹಿಡಿದವರು, ಕೆಮ್ಮುವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡ ತಾಯಂದಿರು ಬರುತ್ತಾರೆ. ಔಷಧ ಅಂಗಡಿಗೆ ಗಿರಾಕಿ ಅಂದರೆ ಈ ನಾಲ್ಕೈದು ತಿಂಗಳು.

ನನ್ನ ತವರು ನಿಪ್ಪಾಣಿ. ಹತ್ತನೆಯವರೆಗೆ ಮರಾಠಿ ಶಾಲೆ, ಆಮೇಲೆ ಪಿಯುಸಿ ಮುಗಿಸಿ ಡಿ ಫಾರ್ಮ್. ಹೆಣ್ಣು ನೋಡಲು ಬಂದ ದಿನ ಗಂಡಿನ ಕಡೆಯವರು ನನ್ನ ಮುಖಕ್ಕಿಂತ ನನ್ನ ಸರ್ಟಿಫಿಕೇಟನ್ನೇ ಹೆಚ್ಚು ಹೊತ್ತು ನೋಡಿದರು. ಮಾವನವರ ಔಷಧ ಅಂಗಡಿಗೆ ಒಬ್ಬ ಫಾರ್ಮಾಸಿಸ್ಟ್ ಬೇಕಾಗಿತ್ತು. ಮದುವೆಯಾದ ತಿಂಗಳಲ್ಲೇ ಪರವಾನಗಿಯಲ್ಲಿ ನನ್ನ ಹೆಸರು ಸೇರಿತು. ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ಗೋಡೆಗೆ ಏರಿತು. ನಾನು ಅಂಗಡಿಯ ಹಿಂದಿನ ಅಡುಗೆಮನೆಗೆ ಹೋದೆ. ಕೌಂಟರಿನಲ್ಲಿ ಕೂತು ಚೀಟಿ ಓದಿ ಔಷಧ ಕೊಡುತ್ತಿದ್ದವರು ನನ್ನ ಗಂಡ ಭರತೇಶ. ಅವರು ಓದಿದ್ದು ಬಿ.ಎ. ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕಾದ ಜೈನರ ಮನೆ ನಮ್ಮದು. ಅಂಗಡಿಗೆ ಮಂದಿ ಮುಗಿಬೀಳುವುದೂ ಅದೇ ಹೊತ್ತಿಗೆ. ಹನ್ನೊಂದು ವರ್ಷ ನಾನು ಆ ಗದ್ದಲವನ್ನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಕೇಳಿದೆ. ಅದು ತಪ್ಪೆಂದು ನಮ್ಮ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ನನಗೂ ಅನ್ನಿಸಿರಲಿಲ್ಲ, ಸುಜಾತಾ ಬಂದು ಎದುರಿಗೆ ಕೂರುವ ತನಕ.

ಅವಳು ಐಗಳಿಯವಳು. ತಂದೆ ತಾಯಿ ಇಬ್ಬರೂ ಮಂದಿಯ ಹೊಲದಲ್ಲಿ ಕೂಲಿ ಮಾಡಿ ಅವಳನ್ನು ಓದಿಸಿದ್ದರು. ಗಂಡ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಾಟಾದ ಮೇಲೆ ಕಾರಕೂನ. ನಮ್ಮ ಎದುರಿಗೇ, ಮೊದಲು ಕಟಿಂಗ್ ಅಂಗಡಿಯಿದ್ದ ಸಣ್ಣ ಖೋಲಿಯಲ್ಲಿ ಅವಳು ಔಷಧ ಅಂಗಡಿ ಇಟ್ಟಳು. ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಪಟ, ಅವುಗಳ ಪಕ್ಕದಲ್ಲಿ ಅವಳ ಸರ್ಟಿಫಿಕೇಟು. ಅದರ ಕೆಳಗೆ, ಬಿಳಿ ಕೋಟು ಹಾಕಿಕೊಂಡು, ಅವಳೇ.

ಮೊದಲ ವರ್ಷ ನಮ್ಮ ಮಂದಿ ಅಲ್ಲಿಗೆ ಹೋಗಲಿಲ್ಲ. ಕಬ್ಬು ಕಡಿಯುವವರು ಹೋದರು. ಅವರ ಜೊತೆ ಮರಾಠಿಯಲ್ಲಿ ಮಾತಾಡಿ, ಕೂಸಿಗೆ ಎಷ್ಟು ಔಷಧ ಕುಡಿಸಬೇಕೆಂದು ಮುಚ್ಚಳದಲ್ಲಿ ನೀರು ಸುರಿದು ತೋರಿಸಿ ಕಳಿಸುತ್ತಿದ್ದಳು. ಎರಡನೇ ವರ್ಷಕ್ಕೆ ಕಾರ್ಖಾನೆಯವರು ಹೋದರು, ಆಮೇಲೆ ನಮ್ಮ ಬಸದಿ ಓಣಿಯವರೂ ಹೋಗತೊಡಗಿದರು. ನಮ್ಮ ಅಂಗಡಿ ದೊಡ್ಡದು, ಸಾಮಾನು ಹೆಚ್ಚು, ಮಾವನವರ ಹೆಸರೂ ದೊಡ್ಡದು. ಆದರೂ ಸಂಜೆಗೆ ಅವಳ ಖೋಲಿಯ ಮುಂದೆಯೇ ಮಂದಿ ನಿಲ್ಲುತ್ತಿದ್ದರು. ನಾನು ಅಡುಗೆಮನೆಗೂ ಅಂಗಡಿಗೂ ನಡುವಿನ ಪರದೆ ಸರಿಸಿ ಅವರನ್ನು ಎಣಿಸುತ್ತಿದ್ದೆ. ಅವಳು ನಕ್ಕರೆ ನನಗೆ ಸಿಟ್ಟು. ಅವಳ ಕೋಟು ಇಸ್ತ್ರಿ ಆಗಿದ್ದರೆ ಸಿಟ್ಟು. ಒಂದು ದಿನ ನಮ್ಮ ಅತ್ತೆಯೇ, ಮೀರಜದ ಡಾಕ್ಟರು ಬರೆದ ಹೊಸ ಬಿಪಿ ಗುಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡು, "ಇದನ್ನ ಉಂಡ ಮ್ಯಾಲ ತಗೋಬೇಕೋ ಉಣ್ಣೂಕ್ಕಿಂತ ಮೊದಲೋ? ಆ ಎದರಿನ ಹುಡಗೀ ಹಂತೇಕ ಕೇಳ್ಕೊಂಡ ಬರ್ತೇನಿ ತಡಿ" ಎಂದರು. ಗುಳಿಗೆಯ ಆ ಮಾತು ನನಗೆ ಬಾಯಿಪಾಠವಿತ್ತು. ಹಿಟ್ಟು ನಾದುತ್ತ ಅಲ್ಲೇ, ಅವರ ಎದುರಿಗೇ ಕೂತಿದ್ದೆ.

ಎರಡು ಸಾವಿರದ ಹದಿನಾಲ್ಕರಲ್ಲಿ ಕಾರ್ಖಾನೆ ಶುರುವಾದ ವಾರದಲ್ಲೇ ಒಂದು ಮಧ್ಯಾಹ್ನ ಸುಜಾತಾ ಅಂಗಡಿಯಲ್ಲಿ ಇರಲಿಲ್ಲ. ಕೌಂಟರಿನಲ್ಲಿ ಅವಳ ಗಂಡ ಕೂತಿದ್ದ. ಚೀಟಿ ತಂದವರಿಗೆಲ್ಲ ಅವನು, "ಸಂಜಿಗೆ ಬರ್ರಿ, ಆಕಿ ಬೆಳಗಾವಿಗೆ ಹೋಗ್ಯಾಳ, ನಾ ಕೊಡಂಗಿಲ್ಲ" ಎಂದು ಹೇಳಿ ತಿರುಗಿ ಕಳಿಸುತ್ತಿದ್ದುದನ್ನು ನಾನು ಪರದೆಯ ಹಿಂದಿನಿಂದ ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ. ಆದರೂ ಅದೇ ಮಧ್ಯಾಹ್ನ ಕೂತು ಬೆಳಗಾವಿಯ ಔಷಧ ನಿಯಂತ್ರಣ ಕಚೇರಿಗೆ ಒಂದು ಕಾಗದ ಬರೆದೆ. ಆ ಅಂಗಡಿಯಲ್ಲಿ ಫಾರ್ಮಾಸಿಸ್ಟ್ ಕೂರುವುದಿಲ್ಲ, ದಿನಾ ಗಂಡನೇ ಔಷಧ ಕೊಡುತ್ತಾನೆ, ಚೀಟಿ ಇಲ್ಲದೆ ನಿದ್ದೆಗುಳಿಗೆ ಮಾರುತ್ತಾರೆ ಎಂದು. ಅಕ್ಷರ ಗುರುತು ಸಿಗಬಾರದೆಂದು ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆದೆ. ಮಾತು ಹುಡುಕಲು ಕಷ್ಟವಾಗಲಿಲ್ಲ. ಫಾರ್ಮಾಸಿಸ್ಟ್ ಕೂರದ ಅಂಗಡಿ ಹೇಗೆ ನಡೆಯುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹೆಸರು ಹಾಕದೆ, ಕಾಗವಾಡಕ್ಕೆ ಹೋದಾಗ ಅಲ್ಲಿಯ ಅಂಚೆ ಡಬ್ಬಿಗೆ ಹಾಕಿ ಬಂದೆ.

ಒಂದು ತಿಂಗಳಾದರೂ ಏನೂ ಆಗಲಿಲ್ಲ. ಚಳಿ ಹೆಚ್ಚಿದ ಹೊತ್ತಿಗೆ ಒಂದು ಮುಂಜಾನೆ ಸುಜಾತಾ ನಮ್ಮ ಹಿತ್ತಿಲ ಬಾಗಿಲಿಗೇ ಬಂದಳು, ಕೈಯಲ್ಲಿ ಪೇಢೆಯ ಪೊಟ್ಟಣ.

"ವೈನಿ, ಸರಕಾರಿ ನೌಕರಿ ಆತರಿ. ಐಗಳಿ ದವಾಖಾನ್ಯಾಗ ಫಾರ್ಮಾಸಿಸ್ಟ್. ನಮ್ಮೂರಾಗನ!"

ಪೇಢೆ ಬಾಯಿಗೆ ಹಾಕಿಕೊಂಡೆ. ಅವತ್ತು ಅವಳು ಬೆಳಗಾವಿಗೆ ಹೋದದ್ದು ಇದೇ ನೌಕರಿಯ ಕಾಗದಪತ್ರ ತೋರಿಸಲು. ಆ ಹುದ್ದೆಗೆ ಅರ್ಜಿ ಕರೆದ ಸುದ್ದಿಯನ್ನು ನಾನೂ ಪೇಪರಿನಲ್ಲಿ ಓದಿದ್ದೆ, ಕತ್ತರಿಸಿ ಗಂಡನಿಗೆ ತೋರಿಸಿಯೂ ಇದ್ದೆ. "ನೀ ನೌಕರಿಗೆ ಹೋದ್ರ ಅಂಗಡಿ ಲೈಸನ್ಸಿಗಿ ಯಾರನ್ನ ತರೂದು?" ಎಂದಿದ್ದರು ಅವರು. ಅಲ್ಲಿಗೆ ಮಾತು ಮುಗಿದಿತ್ತು. ಅವಳ ಅಂಗಡಿ ಮುಚ್ಚಲೆಂದು ನಾನು ಎರಡು ವರ್ಷ ಬಯಸಿದ್ದೆ. ಈಗ ಅದು ಮುಚ್ಚುತ್ತಿತ್ತು, ಆದರೆ ನಾನು ಬಯಸಿದ ಹಾಗೆ ಅಲ್ಲ.

ಸುಜಾತಾ ಕೆಲಸದ ಮಾತಿಗೆ ಬಂದಳು. ನೌಕರಿಗೆ ಹಾಜರಾಗುವ ಮೊದಲು ಅಂಗಡಿಯ ಪರವಾನಗಿ ತಿರುಗಿ ಒಪ್ಪಿಸಬೇಕು, ಅದಕ್ಕೆ ಕಚೇರಿಯ ಪತ್ರ ಸಿಗಬೇಕು. ಸರಕಾರಿ ನೌಕರಿಯಲ್ಲಿದ್ದು ಹೆಸರಿಗೆ ಅಂಗಡಿ ಇಟ್ಟುಕೊಳ್ಳುವಂತಿಲ್ಲ.

"ಅಂಗಡಿ ತಗ್ಯೂದಕ್ಕಿಂತ ಮುಚ್ಚೂದ ತ್ರಾಸ ಐತ್ರಿ ವೈನಿ" ಎಂದು ನಕ್ಕಳು. "ಇದ್ದ ಔಷ್ದ ಎಲ್ಲಾ ಲಿಸ್ಟ್ ಮಾಡಬೇಕು, ಬ್ಯಾಚ್ ನಂಬರ್, ಎಕ್ಸ್‌ಪೈರಿ ಸುದ್ದಾ. ತಾರೀಖು ಮುಗ್ಯಾಕ ಬಂದದ್ದು ಏಜೆನ್ಸಿಗಿ ವಾಪಸ್. ಉಳಿದದ್ದನ್ನ ಲೈಸನ್ಸ್ ಇದ್ದ ಅಂಗಡಿಗೇ ಬಿಲ್ ಹಾಕಿ ಕೊಡಬೇಕು, ಮನ್ಯಾಗ ಇಟ್ಕೊಳ್ಳಂಗಿಲ್ಲ, ಮಂದಿಗಿ ಹಂಚಂಗಿಲ್ಲ. ಒಂದ ಗುಳಿಗೀನೂ ಉಳಿದಿಲ್ಲ ಅಂತ ಬಾಂಡ್ ಪೇಪರ್ ಮ್ಯಾಲ ಬರದ ಕೊಡಬೇಕು. ನೀವು ತಗೋತೀರಿ?"

ಹತ್ತಿರದಲ್ಲಿ ಪರವಾನಗಿ ಇದ್ದ ಅಂಗಡಿ ನಮ್ಮದೊಂದೇ. ಗಂಡನಿಗೆ ಇದು ಲಾಭದ ಮಾತಾಗಿ ಕಂಡಿತು, ಒಪ್ಪಿದರು. ಎಣಿಸಲು ಇಬ್ಬರು ಫಾರ್ಮಾಸಿಸ್ಟರಿದ್ದರೆ ಒಳ್ಳೆಯದೆಂದು ಸುಜಾತಾ ನನ್ನನ್ನೇ ಕರೆದಳು.

ಮೂರು ಮಧ್ಯಾಹ್ನ ನಾವಿಬ್ಬರೂ ಆ ಸಣ್ಣ ಖೋಲಿಯಲ್ಲಿ ಕೂತೆವು. ಅವಳು ಕಪಾಟಿನಿಂದ ತೆಗೆದು ಹೆಸರು, ಬ್ಯಾಚು, ತಾರೀಖು ಹೇಳುವುದು, ನಾನು ಬರೆಯುವುದು. ಪ್ರತಿ ಹಾಳೆಯ ತಲೆಗೆ ಕನ್ನಡದಲ್ಲಿ 'ಉಳಿದ ಔಷದಗಳ ಪಟ್ಟಿ' ಎಂದು ಬರೆದೆ. ನಾನು ಕನ್ನಡ ಬರೆಯಲು ಕಲಿತದ್ದು ಮದುವೆಯ ನಂತರ; ದಕಾರ, ಧಕಾರಗಳ ನಡುವೆ ಇರುವ ಆ ಸಣ್ಣ ಗೀರು ನನಗೆ ಇನ್ನೂ ಸರಿಯಾಗಿ ಕೈಗೆ ಹತ್ತಿರಲಿಲ್ಲ.

ನಾನು ಅಲ್ಲಿಗೆ ಹೋದದ್ದು ಸಹಾಯಕ್ಕೆಂದು ಅಲ್ಲ. ಅವಳ ತಪ್ಪು ಹುಡುಕಲು. ಆ ವರ್ಷ ಕೆಲವು ಔಷಧಗಳಿಗೆ ಬೇರೆಯೇ ರಿಜಿಸ್ಟರು ಇಡಬೇಕೆಂಬ ನಿಯಮ ಹೊಸದಾಗಿ ಬಂದಿತ್ತು. ಡಾಕ್ಟರ ಹೆಸರು, ರೋಗಿಯ ಹೆಸರು, ಕೊಟ್ಟ ಗುಳಿಗೆಯ ಲೆಕ್ಕ. ನಮ್ಮ ಅಂಗಡಿಯಲ್ಲಿ ಆ ರಿಜಿಸ್ಟರಿನ ಮೊದಲ ಎರಡು ಪುಟ ಮಾತ್ರ ತುಂಬಿದ್ದವು. ಅವಳು ಹೊರಗೆ ಚಹಾ ಹೇಳಲು ಹೋದಾಗ ನಾನು ಅವಳ ರಿಜಿಸ್ಟರು ತೆಗೆದು ಸರಸರ ತಿರುವಿದೆ. ಒಂದೂ ಸಾಲು ಬಿಟ್ಟಿರಲಿಲ್ಲ. ಕೆಳಗಿನ ಖಾನೆಯಲ್ಲಿ ತಾರೀಖು ಮುಗಿದ ಒಂದು ಸ್ಟ್ರಿಪ್ ಕಂಡಾಗ ನನಗೆ ಆದ ಆನಂದ ಅಷ್ಟಿಷ್ಟಲ್ಲ. ಎತ್ತಿ ನೋಡಿದರೆ ಅದು ಒಂದು ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆಯ ಮೇಲೆ 'ಮಾರಾಟಕ್ಕಲ್ಲ' ಎಂಬ ಚೀಟಿ ಅಂಟಿಸಿತ್ತು.

"ಈ ರಿಜಿಸ್ಟರ್ ಎಲ್ಲಾ ಏನ್ ಮಾಡ್ತಿ ಈಗ? ಸುಟ್ಟ ಬಿಡು" ಎಂದೆ ಅವಳು ಬಂದಾಗ.

"ಅಂಗಡಿ ಮುಚ್ಚಿದ್ರೂ ರಿಜಿಸ್ಟರ್ ಮುಚ್ಚಂಗಿಲ್ಲ ವೈನಿ. ಮೂರ ವರ್ಷ ಇಡಬೇಕು. ಎಲ್ಲಿ ಇಟ್ಟೇನಿ ಅಂತ ವಿಳಾಸಾನೂ ಕೊಡಬೇಕು. ಐಗಳಿಗಿ ಒಯ್ತೇನಿ." ಹಾಗೆ ಹೇಳುವಾಗ ಅವಳ ದನಿಯಲ್ಲಿ ಬೇಸರವೇ ಇರಲಿಲ್ಲ. ಅದಕ್ಕೂ ನನಗೆ ಸಂಕಟವಾಯಿತು.

ಆ ಮೂರು ದಿನ ಮಂದಿ ಬಂದು ಬಂದು ಬಾಗಿಲಲ್ಲಿ ನಿಂತರು. "ಹೋಗಬ್ಯಾಡವಾ ತಾಯಿ, ನಮ್ಮನ್ನ ಯಾರ ನೋಡಬೇಕು?" ಎಂದು ಒಬ್ಬ ಮುದುಕಿ ಅವಳ ಕೈ ಹಿಡಿದುಕೊಂಡಳು. ನಾನು ಅದೇ ಓಣಿಯಲ್ಲಿ ಹನ್ನೊಂದು ವರ್ಷದಿಂದ ಇದ್ದವಳು. ಆ ಮುದುಕಿಗೆ ನಾನೂ ಫಾರ್ಮಾಸಿಸ್ಟ್ ಎಂಬುದು ಗೊತ್ತೇ ಇರಲಿಲ್ಲ. "ಇವ್ರ ಯಾರು, ನಿನಗ ಕೆಲಸಕ್ಕ ಬಂದಾರೇನು?" ಎಂದು ನನ್ನ ಕಡೆ ತೋರಿಸಿ ಕೇಳಿದಳು.

ಪಟ್ಟಿ, ಪರವಾನಗಿಯ ಎರಡು ಮೂಲ ಹಾಳೆ, ಪಂಚಾಯಿತಿಯ ಕಾಗದ, ಬಾಂಡ್ ಪೇಪರು ಎಲ್ಲ ಹಿಡಿದುಕೊಂಡು ಸುಜಾತಾ ಬೆಳಗಾವಿಗೆ ಹೋದಳು. ಮರುದಿನ ನಮ್ಮ ಅಂಗಡಿಗೆ ಬಂದಾಗ ಮುಖ ಬಿಳಿಚಿತ್ತು.

"ತಗೊಳ್ಳಲಿಲ್ರಿ ವೈನಿ. ನನ್ನ ಮ್ಯಾಲ ಯಾರೋ ಅರ್ಜಿ ಹಾಕ್ಯಾರ. ಅದರ ವಿಚಾರಣೆ ಮುಗಿಯೂತನಕಾ ಪರವಾನಗಿ ವಾಪಸ್ ತಗೊಳ್ಳಾಕ ಬರಂಗಿಲ್ಲ ಅಂದ್ರು. ನೌಕರಿಗಿ ಹಾಜರ್ ಆಗಾಕ ಇನ್ನ ಆರ ದಿನ ಅಷ್ಟ ಉಳದಾವು."

"ಯಾರ ಬರದಾರೋ ಏನೋ" ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು.

"ಯಾರರ ಆಗಲಿ" ಎಂದಳು ಸುಜಾತಾ. ನನ್ನನ್ನೇ ನೋಡುತ್ತಿದ್ದಳು. "ಕಾಗದಾ ನಾ ನೋಡೇನ್ರಿ. ಇನ್ಸ್‌ಪೆಕ್ಟರ್ ಸಾಹೇಬ್ರು ನಾಡದ ಬರ್ತಾರ."

ಆ ಎರಡು ದಿನ ನಾನು ಏನು ತಿಂದೆನೋ ಏನು ಬೇಯಿಸಿದೆನೋ ನೆನಪಿಲ್ಲ. ಕೂಲಿ ಮಾಡಿ ಓದಿಸಿದವರ ಮಗಳ ನೌಕರಿ ನನ್ನ ಒಂದು ಹಾಳೆಯ ಕಾಗದದಿಂದ ನಿಂತಿದೆ ಎಂದು ಹೆದರಿಕೆಯಾಗುತ್ತಿತ್ತು. ಆ ಹೆದರಿಕೆಯ ಅಡಿಯಲ್ಲಿ, ಹೇಳಲು ನಾಚಿಕೆಯಾಗುತ್ತದೆ, ಸಣ್ಣದೊಂದು ಸಮಾಧಾನವೂ ಇತ್ತು. ನಿಲ್ಲಲಿ, ನನಗೆ ಸಿಗದ್ದು ಅವಳಿಗೂ ಸಿಗದೆ ಇರಲಿ.

ಇನ್ಸ್‌ಪೆಕ್ಟರು ಮಧ್ಯವಯಸ್ಸಿನ ಸಾವಕಾಶದ ಮನುಷ್ಯ. ಮಧ್ಯಾಹ್ನ ಮೂರರ ತನಕ ಅವಳ ಅಂಗಡಿಯಲ್ಲಿ ಬಿಲ್ಲು, ರಿಜಿಸ್ಟರು, ಬರಿದಾದ ಕಪಾಟು ಎಲ್ಲ ನೋಡಿದರು. ಆಮೇಲೆ ರಸ್ತೆ ದಾಟಿ ನಮ್ಮಲ್ಲಿಗೆ ಬಂದರು, ಹಿಂದೆ ಸುಜಾತಾ. ಗಂಡ ಆಗ ಯಾರಿಗೋ ಗುಳಿಗೆ ಕತ್ತರಿಸಿ ಕೊಡುತ್ತಿದ್ದರು.

"ಇಲ್ಲಿ ಫಾರ್ಮಾಸಿಸ್ಟ್ ಯಾರು?" ಎಂದು ಸಾಹೇಬರು ಕೇಳಿದ್ದು ಒಳಗೆ ನನಗೆ ಕೇಳಿಸಿತು.

"ಒಳಗ ಅದಾಳ್ರಿ, ಕರೀತೇನಿ" ಎಂದರು ಗಂಡ.

ಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದೆ. ಸಾಹೇಬರು ಗೋಡೆಯ ಮೇಲಿನ ಸರ್ಟಿಫಿಕೇಟಿನ ಫೋಟೋ ನೋಡಿದರು, ನನ್ನ ಮುಖ ನೋಡಿದರು, ಕೈ ನೋಡಿದರು.

"ಎದರಿನ ಅಂಗಡಿ ಮ್ಯಾಲ ಒಂದು ಅರ್ಜಿ ಬಂದೈತ್ರಿ. ಹೆಸರಿಲ್ಲ. ನೀವು ದಿನಾ ನೋಡಾವ್ರು ಅಂತ ಇವ್ರು ಹೇಳಿದ್ರು. ಅಲ್ಲಿ ಫಾರ್ಮಾಸಿಸ್ಟ್ ಕುಂಡ್ರತಿದ್ರೋ ಇಲ್ಲೋ, ಒಂದು ಹೇಳಿಕಿ ಬರದ ಕೊಡ್ರಿ."

"ನೀವ ಬರ್ಕೊಳ್ರಿ ಸಾಹೇಬ್ರ, ನಾ ಸಹಿ ಮಾಡ್ತೇನಿ."

"ಇಲ್ರಿ. ನಿಮ್ಮ ಕೈಯಾಗನ ಬರೀಬೇಕು."

"ಬರೀರಿ ವೈನಿ" ಎಂದಳು ಬಾಗಿಲಲ್ಲಿ ನಿಂತಿದ್ದ ಸುಜಾತಾ, ಮೆತ್ತಗೆ. "ನಿಮ್ಮ ಮಾತು ಸಾಹೇಬ್ರು ನಂಬ್ತಾರ."

ಕೈ ತೊಳೆದು ಬಂದು ಬರೆದೆ. ಎದುರಿನ ಅಂಗಡಿಯಲ್ಲಿ ಫಾರ್ಮಾಸಿಸ್ಟ್ ಯಾವಾಗಲೂ ತಾನೇ ಕೂರುತ್ತಿದ್ದಳು, ಅವಳು ಇಲ್ಲದ ದಿನ ಅವಳ ಗಂಡ ಯಾರಿಗೂ ಏನೂ ಕೊಡದೆ ತಿರುಗಿ ಕಳಿಸಿದ್ದನ್ನು ನಾನು ನೋಡಿದ್ದೇನೆ ಎಂದು ಬರೆದೆ. ಪ್ರತಿ ಅಕ್ಷರವೂ ಸತ್ಯ. ಸಾಹೇಬರು ಓದಿದರು. ತಮ್ಮ ಫೈಲಿನಿಂದ ಇನ್ನೊಂದು ಹಾಳೆ ತೆಗೆದು ಅದರ ಪಕ್ಕಕ್ಕೆ ಇಟ್ಟರು. ನನ್ನ ದೊಡ್ಡ, ಬಿಡಿಬಿಡಿ ಅಕ್ಷರಗಳು. ಹೇಳಿಕೆಯಲ್ಲಿ 'ಔಷದ' ಎಂದಿದ್ದ ಕಡೆ ಒಂದು ಬೆರಳಿಟ್ಟರು, ಅರ್ಜಿಯಲ್ಲಿ 'ಔಷದ' ಎಂದಿದ್ದ ಕಡೆ ಇನ್ನೊಂದು ಬೆರಳಿಟ್ಟರು. ಆಮೇಲೆ ತಲೆ ಎತ್ತಿದರು.

"ಈ ಅರ್ಜ್ಯಾಗ ಬರದದ್ದು ಸುಳ್ಳಲ್ರಿ, ಬಾಯಾರ. ಅಂಗಡಿ ಹೆಸರ ಅಷ್ಟ ತಪ್ಪೈತಿ."

ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಗಡಗಡ ಎನ್ನುತ್ತ ಹೋಯಿತು. ಗಂಡ, "ಏನಂದ್ರಿ ಸಾಹೇಬ್ರ?" ಎಂದು ಕೇಳುತ್ತಲೇ ಬಗ್ಗಿ ಆ ಹಾಳೆ ನೋಡಿದರು. ಅವರ ಕಿವಿ ಕೆಂಪಾದದ್ದು ಕಂಡಿತು.

ಸಾಹೇಬರು ಕೂಗಾಡಲಿಲ್ಲ. ಅಲ್ಲೇ ಕೂತು, ದೂರಿನಲ್ಲಿ ಹುರುಳಿಲ್ಲವೆಂದು ಬರೆದು ಸುಜಾತಾಳ ಕಾಗದಗಳಿಗೆ ಸಹಿ ಹಾಕಿದರು. ನನ್ನಿಂದ ಸಾಮಾನಿನ ಬಿಲ್ಲಿಗೆ ಸಹಿ ಮಾಡಿಸಿಕೊಂಡರು. ಆಮೇಲೆ ನಮ್ಮ ಅಂಗಡಿಗೆ ಒಂದು ನೋಟೀಸು ಬರೆದರು. "ಇವತ್ತ ಇಷ್ಟ. ಮತ್ತ ಹೇಳದ ಬರ್ತೇನಿ. ಬಂದಾಗ ಈ ಖುರ್ಚಿ ಮ್ಯಾಲ ಇವ್ರ ಇರಬೇಕು. ಇಲ್ಲಾಂದ್ರ ಈ ಪರವಾನಗೀನೂ ನಂಗ ಕೊಡಬೇಕಾಗ್ತದ" ಎಂದು ಗಂಡನಿಗೆ ಹೇಳಿ ಹೋದರು.

ಸಂಜೆಗೆ ಮುಂಚೆ ಸುಜಾತಾಳ ಗಂಡ ಏಣಿ ಹಚ್ಚಿ ಬೋರ್ಡು ಬಿಚ್ಚುತ್ತಿದ್ದ. ನಾನು ರಸ್ತೆ ದಾಟಿ ಹೋದೆ. ಅವಳು ಬಾಬಾಸಾಹೇಬರ ಪಟವನ್ನು ಸೀರೆಯಲ್ಲಿ ಸುತ್ತುತ್ತಿದ್ದಳು.

"ನಿನಗ ಯಾವಾಗ ಗೊತ್ತಾತು?"

"ಬೆಳಗಾವ್ಯಾಗ. ಮೂರ ದಿನ ನಿಮ್ಮ ಅಕ್ಷರ ನೋಡಿದ್ನೆಲ್ಲರಿ."

"ಮತ್ತ ಬಂದು ನನ್ನ ಯಾಕ ಕೇಳಲಿಲ್ಲ? ಬೈಬೇಕಾಗಿತ್ತು."

ಅವಳು ಪಟ ಕೆಳಗಿಟ್ಟಳು. "ಕೇಳಿದ್ರ ನೀವು ಇಲ್ಲ ಅಂತಿದ್ರಿ. ನಾ ಜಗಳಾ ತಗದ್ರ ಓಣಿ ಮಂದಿ ನಿಮ್ಮ ಮಾತ ನಂಬ್ತಿದ್ರು, ನಂದಲ್ಲ. ನನಗ ನೌಕರಿ ಬೇಕಾಗಿತ್ತು ವೈನಿ, ಜಗಳಾ ಅಲ್ಲ. ಅದಕ್ಕ ಹೇಳಿಕಿ ನಿಮ್ಮ ಕಡಿಂದ ತಗೋರಿ ಅಂತ ಸಾಹೇಬ್ರಿಗಿ ನಾನ ಹೇಳಿದೆ."

"ನಂದ ತಪ್ಪಾತು, ಸುಜಾತಾ."

"ಹೌದ್ರಿ" ಎಂದಳು. "ತಪ್ಪಾಗೇತಿ." ಮತ್ತೆ ಪಟ ಸುತ್ತತೊಡಗಿದಳು. ಹೋಗಲಿ ಬಿಡ್ರಿ ಎಂದು ಅವಳು ಅನ್ನಬಹುದೆಂದು ಸ್ವಲ್ಪ ಹೊತ್ತು ನಿಂತೆ. ಅನ್ನಲಿಲ್ಲ. ತಿರುಗಿ ಬರುವಾಗ ನನಗೆ ಅಳು ಬಂತು, ಅದರ ಜೊತೆ ಹಳೆಯ ಉರಿಯೂ ಬಂತು. ಇಷ್ಟು ಸಾವಧಾನ, ಇಷ್ಟು ಲೆಕ್ಕಾಚಾರ ಇವಳಿ‌ಗೆ ಎಲ್ಲಿಂದ ಬಂತು, ನನಗೇಕೆ ಇಲ್ಲ ಎಂದು.

ಮನೆಯಲ್ಲಿ ಗಂಡ ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ಆದರೆ ಮರುದಿನ ಮುಂಜಾನೆಯೇ ನಾನು ಖುರ್ಚಿಯ ಮೇಲೆ ಕೂತೆ. ಕೂರದೆ ಬೇರೆ ದಾರಿ ಇರಲಿಲ್ಲ. ಸಂಜೆ ಹೊತ್ತು ಇಳಿಯುತ್ತ ಬಂದಾಗ ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಅತ್ತೆ ಒಲೆಯ ಮುಂದೆ ಕೂತಿದ್ದರು. ನಾನು ಏಳಹೋದರೆ, "ಕುಂಡ್ರು, ಮಂದಿ ನಿಂತಾರ ನೋಡಲ್ಲಿ" ಎಂದರು.

ಮಂದಿ ನಿಂತದ್ದೇನೋ ನಿಜ. ಆದರೆ ಅವರು ನನ್ನನ್ನು ಅರಸಿ ಬಂದವರಲ್ಲ, ಎದುರಿನ ಬಾಗಿಲು ಮುಚ್ಚಿದ್ದಕ್ಕೆ ಬಂದವರು. "ಆ ಸುಜಾತಕ್ಕ ಹಿಂಗ ಕೊಡತಿದ್ದಿಲ್ಲ" ಎಂದು ಮುಖದ ಮೇಲೆಯೇ ಹೇಳುತ್ತಿದ್ದರು. ಹಲ್ಲು ಕಚ್ಚಿಕೊಂಡು, "ಹೆಂಗ ಕೊಡತಿದ್ಲು ಹೇಳ್ರಿ" ಎಂದು ಕೇಳಿ, ಹಾಗೆಯೇ ಕೊಡಲು ಕಲಿತೆ. ಕಾರ್ಖಾನೆ ನಿಂತಿತು, ಗುಡಿಸಲುಗಳು ಖಾಲಿಯಾದವು, ಬೇಸಿಗೆ ಕಳೆಯಿತು.

ಮೊದಲ ಮಳೆಯ ವಾರದಲ್ಲಿ ಒಂದು ಮುಂಜಾನೆ ಅಂಗಡಿಯ ಫೋನು ಬಡಿಯಿತು. ಆ ಕಡೆ ಬಹಳ ಮಂದಿಯ ಗದ್ದಲ. ಕೂಸು ಅಳುವುದು, ಯಾರೋ "ಅಕ್ಕಾ, ನಂದ ಮೊದಲ ನೋಡ್ರಿ" ಎನ್ನುವುದು ಕೇಳುತ್ತಿತ್ತು. ಆಮೇಲೆ ಮಾತಾಡಿದ ದನಿ ಸುಜಾತಾಳದೆಂದು ಅವಳು ಹೆಸರು ಹೇಳುವ ಮೊದಲೇ ತಿಳಿಯಿತು.

"ಐಗಳಿ ದವಾಖಾನಿಯಿಂದ ಮಾತಾಡಾಕತ್ತೇನ್ರಿ. ಉಗಾರದ ಒಬ್ಬ ಅಜ್ಜಾ ಇಲ್ಲಿ ಮಗಳ ಮನಿಗಿ ಬಂದಾನ, ತಲಿ ತಿರಗಾಕತ್ತೈತಿ. ಕಿಸೆದಾಗಿನ ಗುಳಿಗಿ ನಿಮ್ಮಲ್ಲೇ ತಗೊಂಡದ್ದಂತ, ಚೀಟಿ ಇಲ್ಲ, ಹೆಸರಿದ್ದ ತುಂಡ ಹರದ ಹೋಗೇತಿ. ಯಾವ ಗುಳಿಗಿ ಅಂತ ಡಾಕ್ಟರ್ ಕೇಳಾಕತ್ತಾರ. ಫಾರ್ಮಾಸಿಸ್ಟ್ ಹಂತೇಕ ಫೋನ್ ಕೊಡ್ರಿ, ಒಳಗಿದ್ರ ಕರೀರಿ."

"ಒಳಗಿಲ್ಲ. ನಾನ ಮಾತಾಡಾಕತ್ತೇನಿ. ಅಜ್ಜನ ಹೆಸರ ಹೇಳು."

ಸುಜಾತಾ ಹೆಸರು ಹೇಳಿದಳು. ನಾನು ಬಿಲ್ಲಿನ ಪುಸ್ತಕ ತೆಗೆದು, ಹಿಂದಿನ ಸೋಮವಾರದ ಹಾಳೆ ತಿರುವಿ, ಗುಳಿಗೆಯ ಹೆಸರು, ಅದರ ಪ್ರಮಾಣ, ದಿನಕ್ಕೆ ಎಷ್ಟು ಹೇಳಿದ್ದೆ ಎಂಬುದು, ಎಲ್ಲ ಓದಿ ಹೇಳಿದೆ. ಅವಳು ಬರೆದುಕೊಳ್ಳುತ್ತಿದ್ದ ಪೆನ್ನಿನ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

"ಇನ್ನೊಮ್ಮೆ ಹೇಳ್ರಿ ವೈನಿ, ಸಾವಕಾಶ" ಎಂದಳು.

ಇನ್ನೊಮ್ಮೆ, ಸಾವಕಾಶ ಹೇಳಿದೆ.